ಬಂತಾ?

ಆ ಲಾಡ್ಜಿನಲ್ಲಿ ನನ್ನದು ಬಟ್ಟೆ ಒಗೆಯುವ ಕೆಲಸ. ಮೇಲಿನ ಕೋಣೆಗಳನ್ನು ಗುಡಿಸಿ ಒರೆಸುವವಳನ್ನು ನಾವೆಲ್ಲ ಮಹಡಿಯಕ್ಕ ಎನ್ನುತ್ತಿದ್ದೆವು. ಅವಳ ಗಂಡ ಇದೇ ಲಾಡ್ಜಿನ ಗೋಡೆಗೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿದಲ್ಲೇ ಮಲಗಿದ್ದ. ಈ ಸಲದ ಬೋನಸ್ಸಿನಲ್ಲಿ ಅವನಿಗೊಂದು ಗಾಲಿಕುರ್ಚಿ ತರಬೇಕು, ಬೀದಿ ತೋರಿಸಬೇಕು ಎಂದು ವರ್ಷವಿಡೀ ಅವಳಿಗೆ ಅದೇ ಜಪ.

ಬೋನಸ್ಸಿನ ದಿನ ಮಾಲೀಕ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. ಕೋಣೆಗಳಿಗೆ ತೆಳ್ಳಗಿನ ಹೊಸ ಟೀವಿಗಳು ಬಂದಿದ್ದವು. ಹಳೆಯ ಡಬ್ಬಾ ಟೀವಿಗಳನ್ನು ಹಜಾರದಲ್ಲಿ ಇಳಿಸಿದ್ದರು.

"ಈ ಸಲ ದುಡ್ಡಲ್ಲ, ಒಬ್ಬೊಬ್ಬರಿಗೆ ಒಂದೊಂದು ಟೀವಿ. ದುಡ್ಡಾದ್ರೆ ಕರಗಿ ಹೋಗುತ್ತೆ, ಇದು ಮನೇಲಿರುತ್ತೆ."

"ಸ್ವಾಮಿ, ನಮ್ಮನೆಯವರಿಗೆ ಗಾಲಿಕುರ್ಚಿ..." ಎಂದಳು ಮಹಡಿಯಕ್ಕ.

"ಮಲಗಿರೋನಿಗೆ ಟೀವಿಗಿಂತ ಇನ್ನೇನಮ್ಮ ಬೇಕು? ಲೋಕಾನೇ ಮನೆಗೆ ಬರುತ್ತೆ."

ಅವಳು ಅದನ್ನು ತಲೆಯ ಮೇಲೆ ಹೊತ್ತು ನಡೆದಳು. ನಾನು ಅವಳ ಮನೆಯ ಮಾಡು ಹತ್ತಿ ಆಂಟೆನಾ ಕಟ್ಟಿದೆ. ತಿರುಗಿಸುತ್ತ "ಬಂತಾ?" ಎಂದು ಕೂಗಿದೆ. ಬಾಗಿಲಲ್ಲಿ ನಿಂತ ಅವಳು ಒಳಗೆ ಕೇಳಿದಳು, "ಬಂತಾ ರೀ?"

"ಬಂತು, ಬಂತು... ಹೋಯ್ತು. ಹಿಂದಕ್ಕೆ ತಿರುಗಿಸೋಕೆ ಹೇಳು."

ಕೊನೆಗೂ ಬಂತು. ಅವಳ ಗಂಡ, ನನ್ನ ಬಾಯಲ್ಲಿ ಭಾವ, ನಕ್ಕ. ಆ ನಗು ಕಂಡು ಮಾಲೀಕನ ಮೇಲಿನ ನನ್ನ ಸಿಟ್ಟೂ ಅರ್ಧ ಇಳಿಯಿತು. ಎಂಥ ಪೆದ್ದ ನಾನು.

ವಾರ ಕಳೆದಿರಲಿಲ್ಲ. ಪರದೆಯ ಅಡಿಯಲ್ಲಿ ಓಡುವ ಸಾಲನ್ನು ಭಾವ ಓದಿ ಹೇಳಿದ. ತಿಂಗಳ ಕೊನೆಗೆ ಹಳೆಯ ಪ್ರಸಾರ ನಿಲ್ಲುತ್ತದಂತೆ, ಇನ್ನು ಎಲ್ಲ ಡಿಜಿಟಲ್ ಅಂತೆ, ಹಳೆಯ ಟೀವಿಗೆ ಬೇರೊಂದು ಪೆಟ್ಟಿಗೆ ಜೋಡಿಸಬೇಕಂತೆ. ಗಾಳಿಯಲ್ಲಿ ಬರುವುದನ್ನು ಯಾರು ನಿಲ್ಲಿಸುತ್ತಾರೆ ಎಂದು ನಾವು ನಂಬಲಿಲ್ಲ.

ನಿಲ್ಲಿಸಿಯೇಬಿಟ್ಟರು. ಚಿತ್ರ ಹೋಗಿ ಬರೀ ಚುಕ್ಕೆ, ಸೊಯ್ ಎಂಬ ಸದ್ದು. ನಾನು ಮಾಡು ಹತ್ತಿ ಕೈ ಸೋಲುವವರೆಗೆ ತಿರುಗಿಸಿದೆ.

"ಬಂತಾ?"

"ಇಲ್ಲ."

"ಈಗ?"

"ಇಲ್ಲಪ್ಪ, ಇಳಿ," ಎಂದ ಭಾವ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

ಮಹಡಿಯಕ್ಕ ಮ್ಯಾನೇಜರನನ್ನು ಕೇಳಿದಳು. ಅವನಿಗೆ ನಗು. "ಅದಕ್ಕೇ ಅಲ್ವಾ ಸಾಹುಕಾರ್ರು ಹೊಸದು ತರಿಸಿದ್ದು? ಹಳೇದನ್ನ ಗುಜರಿಯವನೂ ಬೇಡ ಅಂದ."

ಅವಳು ನೇರ ಮಾಲೀಕನ ಹತ್ತಿರ ಹೋದಳು.

"ಟೀವಿ ಕೊಟ್ಟಿದೀನಿ. ಒಳಗಿನ ಚಿತ್ರಾನೂ ನಾನೇ ಕೊಡ್ಬೇಕೇನು? ಪೆಟ್ಟಿಗೆ ತಗೋ ಹೋಗು."

ಪೆಟ್ಟಿಗೆ ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗಿತ್ತು? ಆ ಸಂಜೆ ಅವಳು ನಮ್ಮೆಲ್ಲರ ಮನೆ ಬಾಗಿಲಿಗೂ ಹೋದಳು.

ಮರುದಿನ ಬೆಳಿಗ್ಗೆ ಹಜಾರದಲ್ಲಿ ಗಿರಾಕಿಗಳು ಪೇಪರ್ ಓದುತ್ತ ಕೂತಿದ್ದರು. ನಾವು ಟೀವಿಗಳನ್ನು ಹೊತ್ತು, ನಮಗೆ ಬಿಡದ ಮುಂಬಾಗಿಲಿನಿಂದಲೇ ಒಳಗೆ ಬಂದೆವು. ನೆಲದ ಮೇಲೆ ಸಾಲಾಗಿ ಇಟ್ಟು, ವೈರು ಎಳೆದು, ಎಲ್ಲವನ್ನೂ ಒಟ್ಟಿಗೆ ಹಚ್ಚಿದೆವು. ಹಜಾರ ತುಂಬ ಸೊಯ್ ಸದ್ದು.

ಮಾಲೀಕ ಓಡಿ ಬಂದ. "ಏನಿದು? ಆರಿಸ್ರೋ."

"ನಮ್ಮ ಬೋನಸ್ಸು ಸ್ವಾಮಿ," ಎಂದಳು ಮಹಡಿಯಕ್ಕ. "ನನ್ನ ಗಂಡ ನೋಡ್ತಿರೋದು ಇದನ್ನೇ. ನೀವೂ ಒಂಚೂರು ನೋಡಿ."

ಮ್ಯಾನೇಜರ್ ಒಂದರ ಪ್ಲಗ್ಗು ಕಿತ್ತ. ನಾನು ಮತ್ತೆ ಹಾಕಿದೆ. ಗಿರಾಕಿಗಳು ಪೇಪರ್ ಮಡಚಿದರು. ಏನಪ್ಪ ಇದು ಎಂದು ಒಬ್ಬರು ಕೇಳಿದ್ದಕ್ಕೆ ಅಡುಗೆಯವನು ಎಲ್ಲವನ್ನೂ ಬಿಡಿಸಿ ಹೇಳಿದ.

"ಒಬ್ಬರನ್ನೂ ಇಟ್ಕೊಳಲ್ಲ," ಎಂದ ಮಾಲೀಕ.

"ಆಗ್ಲಿ. ಮೇಲಿನ ಹಾಸಿಗೆಗಳನ್ನ ನೀವೇ ಹಾಸಿ."

ಯಾರೂ ಕದಲಲಿಲ್ಲ. ಟೀವಿಗಳ ಹಿಂದೆ ನಿಂತಿದ್ದ ನಾನು, ಅಂದು ಮಾಡಿನಿಂದ ಕೂಗಿದ ಹಾಗೆಯೇ ಕೂಗಿದೆ, "ಅಕ್ಕಾ, ಬಂತಾ?"

ಅವಳು ಮಾಲೀಕನ ಕೈ ಜೇಬಿಗೆ ಹೋಗುತ್ತದೆಯೇ ಎಂದೇ ನೋಡುತ್ತಿದ್ದಳು.

"ಇನ್ನೂ ಇಲ್ಲ," ಎಂದಳು. "ಸೌಂಡು ಜಾಸ್ತಿ ಮಾಡು."