ಮಂತ್ರವಿಲ್ಲದ ಮಾವ

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಇಲ್ಲದ ಗಾಯಕ್ಕೂ ಕೈ ತೊಳೆದುಕೊಂಡೇ ಬರುವ ಮನುಷ್ಯ. ಕೈ ತೊಳೆಯುವುದೆಂದರೆ ನೀವು ನಾವು ಬೆರಳ ತುದಿಗೆ ನೀರು ಸೋಕಿಸಿಕೊಳ್ಳುವ ಶಾಸ್ತ್ರವಲ್ಲ. ಅಂಗಿಯ ತೋಳನ್ನು ಮೊಣಕೈಯಿಂದ ಮೇಲಕ್ಕೆ ಮಡಿಸಿ, ಕೈಗಡಿಯಾರ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ ಉಜ್ಜಿ, ತೊಳೆದ ಕೈಯಿಂದ ನಲ್ಲಿ ಮುಟ್ಟಬಾರದೆಂದು ಅದನ್ನು ನಿಲ್ಲಿಸಲು ಮಗಳನ್ನು ಕೂಗಿ, ನೀರು ತೊಟ್ಟಿಕ್ಕುವ ಎರಡು ಕೈಗಳನ್ನೂ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಅವರು ನಮ್ಮ ಊಟದ ಮೇಜಿನತ್ತ ಗಂಭೀರವಾಗಿ ನಡೆದು ಬರುತ್ತಾರೆ. ಅಲ್ಲಿ ಅವರಿಗಾಗಿ ಕಾದಿರುವ ರೋಗಿ ಯಾರೆಂದರೆ, ಐದು ನಿಮಿಷದ ಹಿಂದೆ ನಾನು ಬಾಯಿಮಾತಿನಲ್ಲಿ ಸೃಷ್ಟಿಸಿದ ಒಬ್ಬ ಕಾಡುದಾರಿಯ ಕಾವಲುಗಾರ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಒಂದು ಆಟ ನಡೆಯುತ್ತದೆ. ಮೇಜು, ಪೆನ್ಸಿಲು, ಇಪ್ಪತ್ತು ಮುಖದ ದಾಳ, ದಪ್ಪನೆಯದೊಂದು ನಿಯಮದ ಪುಸ್ತಕ, ಬಿಸ್ಕತ್ತಿನ ಡಬ್ಬಿ, ಇಷ್ಟೇ ಸಾಮಗ್ರಿ. ಕೋಟೆ, ಕಾಡು, ರಾಕ್ಷಸರಿರುವ ಕಲ್ಪಿತ ರಾಜ್ಯವೊಂದರ ಕಥೆಯನ್ನು ನಾನು ನಡೆಸುತ್ತೇನೆ; ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುತ್ತಾರೆ; ಹಮ್ಮಿಕೊಂಡ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನನ್ನ ಹೆಂಡತಿ ನಾಲ್ಕು ವರ್ಷದಿಂದ ಬಿಲ್ಲುಗಾರ್ತಿ. ಗಡಿಯಾರ ರಿಪೇರಿಯ ಗೆಳೆಯ, ನಿಜಜೀವನದಲ್ಲಿ ಸೊಳ್ಳೆಗೂ ಕೈ ಎತ್ತದವನು, ಕತ್ತಿವೀರ. ಪಕ್ಕದ ಬೀದಿಯ ಭೂಗೋಳದ ಟೀಚರು ಮಂತ್ರವಾದಿನಿ. ವಾರವೆಲ್ಲ ಮುದ್ರಣಾಲಯದಲ್ಲಿ ಕೂತು ಅನ್ಯರ ಕರಡು ತಿದ್ದುವ ನನಗೆ, ಯಾರೂ ತಿದ್ದಲಾರದ ಒಂದು ಲೋಕವನ್ನು ಆಳುವುದು ಪರಮಾನಂದದ ಸಂಗತಿಯಾಗಿತ್ತು, ಮಾವ ಬರುವವರೆಗೆ.

ಮಾವ ಮೂವತ್ತನಾಲ್ಕು ವರ್ಷ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ರೂಮಿನಲ್ಲಿ ಗಾಯ ತೊಳೆದು ಪಟ್ಟಿ ಕಟ್ಟಿದವರು. ತಳ್ಳುಗಾಡಿಗಳಿಗೂ ಸ್ಟ್ರೆಚರುಗಳಿಗೂ ದಾರಿ ಬಿಟ್ಟು ಬಿಟ್ಟು ಅವರ ನಡಿಗೆಯೇ ಹಾಗಾಗಿಬಿಟ್ಟಿದೆ: ನರಪಿಳ್ಳೆಯಿಲ್ಲದ ಬೀದಿಯಲ್ಲೂ ಒಂದು ಭುಜವನ್ನು ಗೋಡೆಗೆ ಸವರಿಕೊಂಡೇ ಹೋಗುತ್ತಾರೆ. ನಿವೃತ್ತಿಯ ದಿನ ಬಿಚ್ಚಿಡಬೇಕಿದ್ದ ಬಿಳಿಯ ಕೋಟು ಈಗ ಬೆಣ್ಣೆಯ ಬಣ್ಣಕ್ಕೆ ತಿರುಗಿ, ಮೂರನೆಯ ಗುಂಡಿ ಬೇರೆ ಜಾತಿಯದಾಗಿ, ಭಾನುವಾರದ ಉಡುಪಾಗಿ ಉಳಿದುಕೊಂಡಿದೆ. ಅದರ ಜೇಬಿನಲ್ಲಿ ತುದಿ ಮೊಂಡಾದ ಒಂದು ಕತ್ತರಿ. ಯಾವ ಕೆಲಸಕ್ಕೆ ಕೈಹಚ್ಚುವ ಮೊದಲೂ ಅವರು "ಆಯ್ತು, ಆಯ್ತು, ಆಗೇ ಹೋಯ್ತು" ಎನ್ನುತ್ತಾರೆ. ಮುಗಿದ ಮೇಲಲ್ಲ, ಶುರುವಾಗುವ ಮೊದಲು. ಅವರ ಮಗಳನ್ನು ಮದುವೆಯಾಗುತ್ತೇನೆಂದು ಹೇಳಲು ಹೋಗಿ ನಾನು ಬೆವರುತ್ತ ನಿಂತಿದ್ದಾಗಲೂ ನನಗೆ ಸಿಕ್ಕ ಉತ್ತರ ಅದೇ.

ಮೊದಲ ಎರಡು ಭಾನುವಾರ ಅವರು ಪೇಪರು ಹಿಡಿದು ಮೂಲೆಯಲ್ಲಿ ಕೂತಿದ್ದರು. ಕತ್ತಿವೀರನ ತೊಡೆಗೆ ಬಾಣ ನಾಟಿತು, ಟೀಚರು ಕಣ್ಣು ಮುಚ್ಚಿ ಮಂತ್ರ ಹೇಳಿದರು, ಗಾಯ ಕೂಡಿಕೊಂಡಿತೆಂದು ನಾನು ಸಾರಿದೆ. ಪೇಪರು ಕೆಳಗಿಳಿಯಿತು.

"ಅಲ್ಲ ಅಳಿಯಂದ್ರೇ, ಬಾಣದ ತುಂಡು ಒಳಗೇ ಉಳೀತಲ್ಲ?"

ಅಷ್ಟು ವರ್ಷದ ಆಟದಲ್ಲಿ ಎಷ್ಟು ಬಾಣಗಳನ್ನು ನಾವು ಹೀಗೆ ಮೈಯೊಳಗೇ ಬಿಟ್ಟು ಹೊಲಿದಿದ್ದೆವೋ ಆ ಭಗವಂತನಿಗೇ ಗೊತ್ತು. ಮುಂದಿನ ವಾರ ಮಾವನೂ ಮೇಜಿಗೆ ಬಂದರು. ಕತ್ತಿ ಬೇಡ, ಮಂತ್ರ ಬೇಡ, ಕುದುರೆಯೂ ಬೇಡ ಎಂದರು. ಪಾತ್ರದ ಹಾಳೆಯಲ್ಲಿ ಕಸುಬು ಎಂಬಲ್ಲಿ "ಗಾಯ ಕಟ್ಟುವವನು" ಎಂದೂ ಆಯುಧ ಎಂಬಲ್ಲಿ "ಕತ್ತರಿ, ಮೊಂಡು" ಎಂದೂ ದುಂಡಗೆ ಬರೆದರು.

ಅಲ್ಲಿಂದ ನನ್ನ ರಾಜ್ಯದಲ್ಲಿ ಅವರ ಕಾನೂನು ಶುರುವಾಯಿತು. ಪಾತ್ರಕ್ಕೆ ಎಲ್ಲಿ ಗಾಯವಾಯಿತೋ ಆಡುವವರ ಮೈಯಲ್ಲೂ ಅಲ್ಲಿಗೇ ನಿಜವಾದ ಪಟ್ಟಿ ಬೀಳುತ್ತಿತ್ತು. ಆಟ ಮುಗಿದ ಮೇಲೆ ಮಾವನೇ ಬಿಚ್ಚಬೇಕು, ನಡುವೆ ಮುಟ್ಟುವಂತಿಲ್ಲ. ಕಟ್ಟುವ ಮೊದಲು ಗಾಯಾಳು ಪೆಟ್ಟಾದ ಅಂಗವನ್ನು ಎತ್ತಿ ತೋರಿಸಿ, ಎಡವೋ ಬಲವೋ ಬಾಯಿಬಿಟ್ಟು ಹೇಳಬೇಕು. ವಿವರಕ್ಕೆ ಹೆಸರು, ವಯಸ್ಸು, ಕಡೆಯ ಸಲ ಊಟ ಮಾಡಿದ್ದು ಯಾವಾಗ ಎಂಬ ಪ್ರಶ್ನೆಗಳು ಬೇರೆ. ಕಷ್ಟಕ್ಕೆ ಬಂದದ್ದೆಂದರೆ, ಶತ್ರುಗಳು ಬಿದ್ದರೂ ಮಾವ ಅವರ ಬಳಿಗೆ ಹೋಗಿ ಇದನ್ನೇ ಕೇಳುತ್ತಿದ್ದರು. ಸಗಟು ವ್ಯಾಪಾರದಲ್ಲಿ ನಾನು ಹುಟ್ಟಿಸಿ ಸಾಯಿಸುತ್ತಿದ್ದ ಸೈನಿಕರಿಗೆಲ್ಲ ಹೆಸರು, ಹೆಂಡತಿ, ಬೆಳಗಿನ ತಿಂಡಿ ಕಲ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿ, ಕಡೆಕಡೆಗೆ ಒಂದು ಯುದ್ಧಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ಕಳಿಸುವುದನ್ನೇ ಬಿಟ್ಟೆ.

ಇಂಥ ಮನುಷ್ಯನ ಕೈಯಲ್ಲಿ ಒಮ್ಮೆ ತಪ್ಪಾಯಿತು.

ಬಿಲ್ಲುಗಾರ್ತಿಯ ಎಡಗೈಗೆ ತುಕ್ಕು ಹಿಡಿದ ಈಟಿ ತಾಗಿತ್ತು. ನನ್ನ ಹೆಂಡತಿ ಎಡಚಿ. ದಾಳ ಎಸೆಯುವುದೂ ಎಡಗೈಯಲ್ಲೇ, ಆ ಕೈಗೇ ಅದೃಷ್ಟವಿದೆಯೆಂದು ಅವಳ ನಂಬಿಕೆ. ಅದಕ್ಕೆ ಪಟ್ಟಿ ಬಿದ್ದರೆ ಸಂಜೆಯವರೆಗೂ ಬಲಗೈಯಲ್ಲಿ ಎಸೆಯಬೇಕಲ್ಲ ಎಂದು, ಕಳ್ಳನಗೆ ನಗುತ್ತ ಬಲಗೈಯನ್ನೇ ಚಾಚಿದಳು. ಬೇರೆ ಯಾರಾಗಿದ್ದರೂ ಮಾವ ಎಡವೋ ಬಲವೋ ಎಂದು ಕೇಳಿರುತ್ತಿದ್ದರು. ಇವಳು ಮಗಳು, ಕೇಳಲಿಲ್ಲ. ಗೋಧಿಯ ತೆನೆಯ ಹಾಗೆ ಮಡಿಕೆಯ ಮೇಲೆ ಮಡಿಕೆ ಕೂರಿಸಿ, ನೋಡಿದರೆ ಕಣ್ಣು ತಣಿಯುವಂತೆ ಕಟ್ಟಿದರು. ಕಥೆಯಲ್ಲಿ ನಮ್ಮ ದಂಡು ಎರಡು ದಿನ ಕೆಸರು ತುಳಿಯಿತು. ಸಂಜೆ ಪಟ್ಟಿ ಬಿಚ್ಚುವಾಗ ಅವರಿಗೆ ಏನನ್ನಿಸಿತೋ, "ಈಟಿ ತಾಗಿದ್ದೆಲ್ಲಿ?" ಎಂದರು. ಟೀಚರು ತಮ್ಮ ನೋಟ್‌ಬುಕ್ಕು ತಿರುವಿ ಎಡಗೈ ಎಂದು ಓದಿ, ಮಾವನತ್ತ ತಿರುಗಿ ನಕ್ಕರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು, ಸರ್!"

ಎಲ್ಲರೂ ನಕ್ಕೆವು. ಮಾವ ನಗಲಿಲ್ಲ. ಕೈಯಲ್ಲಿದ್ದ ಪಟ್ಟಿಯ ಸುರುಳಿಯನ್ನು ನೋಡುತ್ತ ನಿಂತ ಅವರ ಮುಖ ಕಂಡು ನನಗೆ ಕಸಿವಿಸಿಯಾಯಿತು.

"ಬಿಡಿ ಮಾವ, ಎಡಗೈಗೇ ಕಟ್ಟಿದ್ರಿ ಅಂತ ತಿದ್ಕೋತೀನಿ."

"ತಿದ್ದೋಕೆ ಅದೇನು ಕಾಗುಣಿತವಾ?" ಎಂದರು. "ಎರಡು ದಿನ ಕೆಸರಲ್ಲಿ ನಡೆದಿದ್ದಾಳೆ. ಒಳಗೆ ಏನಾಗಿದೆಯೋ ಅದನ್ನ ಹೇಳಿ."

ವಿಧಿಯಿಲ್ಲದೆ ಪುಸ್ತಕ ತೆರೆದೆ. ಕೈ ಬಾತು ಕೀವಾಗಿದೆ, ಜ್ವರ ಏರಿದೆ ಎಂದೆ. ನಿಯಮ ಕಡ್ಡಿ ಮುರಿದ ಹಾಗಿತ್ತು: ಇನ್ನು ಗಾಯ ಕಟ್ಟುವವನೇ ದಾಳ ಎಸೆಯಬೇಕು, ಹದಿಮೂರಾದರೂ ಬೀಳಬೇಕು, ಅವಕಾಶ ಮೂರೇ ಸಲ. ಮೂರೂ ತಪ್ಪಿದರೆ ಕೈ ಹೋಯಿತು. ಕೈಯಿಲ್ಲದ ಬಿಲ್ಲುಗಾರ್ತಿ ಎಂದರೆ ನನ್ನ ಹೆಂಡತಿ ನಾಲ್ಕು ವರ್ಷ ಸಾಕಿದ ಪಾತ್ರ ಅಲ್ಲಿಗೆ ಮುಗಿದಂತೆ.

ಟೀಚರು ತಮ್ಮ ಮಾತಿಗೆ ತಾವೇ ನೊಂದುಕೊಂಡು, "ನಂದೊಂದು ಮಂತ್ರ ಉಳಿದಿದೆ, ಹೇಳ್ಬಿಡ್ಲಾ?" ಎಂದರು.

"ಹೇಳಿ ತಾಯಿ. ಅವಳ ಕೈ ಮುಖ್ಯ," ಎಂದು ಮಾವ ಗೋಡೆ ಸವರಿಕೊಂಡು ಸಿಂಕಿನತ್ತ ನಡೆದರು. ಕಟ್ಟುವ ಕೆಲಸ ಇಲ್ಲದಿದ್ದರೂ ಕೈ ತೊಳೆಯತೊಡಗಿದರು. ತೊಳೆದರು, ಮತ್ತೆ ತೊಳೆದರು. ನಲ್ಲಿ ನಿಲ್ಲಿಸಲು ಯಾರನ್ನೂ ಕೂಗಲಿಲ್ಲ. ನನ್ನ ಹೆಂಡತಿಯೇ ಎದ್ದು ಹೋಗಿ ನಲ್ಲಿ ನಿಲ್ಲಿಸಿದಳು.

"ಮಂತ್ರ ಬೇಡ. ನೀವೇ ನೋಡಿ ಅಪ್ಪ. ತಪ್ಪು ಕೈ ಕೊಟ್ಟಿದ್ದು ನಾನು."

"ಕೊಡೋರು ಕೊಡ್ತಾರೆ. ಕೇಳಬೇಕಾದ್ದು ನಾನು. ಹುಚ್ಚಾಟ ಬೇಡ, ಕೈ ಹೋಗತ್ತೆ ಕಣೇ."

"ಹೋಗದ ಹಾಗೆ ನೋಡ್ಕೊಳ್ಳಿ."

ಅವರು ಒದ್ದೆ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿದರು. "ಆಯ್ತು, ಆಯ್ತು," ಎಂದರು. ಉಳಿದ ಅರ್ಧ ಬಾಯಿಂದ ಹೊರಡಲಿಲ್ಲ.

ಮುಂದಿನ ಮೂರು ಭಾನುವಾರ ನನ್ನ ಮಹಾಕಥೆ ಒಂದು ದನದ ಕೊಟ್ಟಿಗೆಯಲ್ಲಿ ಠಿಕಾಣಿ ಹೂಡಿತು. ಕತ್ತಿವೀರ ನೀರು ಕುದಿಸಿದ, ಮಂತ್ರವಾದಿನಿ ಬಟ್ಟೆ ಒಗೆದು ಬಿಸಿಲಿಗೆ ಹರವಿದಳು. ಮಾವ ಗಾಯ ಬಿಡಿಸಿ ಕೀವು ತೆಗೆದರು, ಉಪ್ಪುನೀರಲ್ಲಿ ತೊಳೆದರು, ಜೇನು ಸವರಿದರು, ಗಂಜಿ ಕುಡಿಸಿದರು, ಮರುದಿನ ಬಿಚ್ಚಿ ಮೂಸಿ ನೋಡಿ ಮತ್ತೆ ಮೊದಲಿಂದ ಮಾಡಿದರು, ಇದೆಲ್ಲವನ್ನೂ ಒಂದು ವಿವರವನ್ನೂ ಬಿಡದೆ ಬಾಯಲ್ಲಿ ಹೇಳುತ್ತ, ಮಗಳ ನಿಜವಾದ ಎಡಗೈಗೆ ಪಟ್ಟಿ ಸುತ್ತುತ್ತ. ಅತ್ತ ಶತ್ರುಪಡೆ, ದಂಡು ಕಾಯಬೇಕಿದ್ದ ಸೇತುವೆಯ ಹತ್ತಿರ ಬಂದಿತ್ತು.

"ಮಾವ, ಸೇತುವೆ ಹೋಗತ್ತೆ," ಎಂದು ಗಡಿಯಾರದವನು ಚಡಪಡಿಸಿದ.

"ಸೇತುವೆ ಇನ್ನೊಂದು ಕಟ್ಟಬಹುದು. ನೀನು ನೀರು ಕುದಿಸು."

ವಾರದ ನಡುವೆ ಮುದ್ರಣಾಲಯಕ್ಕೆ ಫೋನು. "ಅಳಿಯಂದ್ರೇ, ಇವತ್ತು ಜ್ವರ ಎಷ್ಟಿದೆ?" ಕರಡಿನ ರಾಶಿಯ ನಡುವೆ ನಾನು ಡ್ರಾಯರಿನಿಂದ ದಾಳ ತೆಗೆದು ಉರುಳಿಸಿ, ಪಕ್ಕದ ಮೇಜಿನವರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿರಲು, ನಿನ್ನೆಗಿಂತ ಒಂದು ಡಿಗ್ರಿ ಕಡಿಮೆ ಎಂದು ವರದಿ ಒಪ್ಪಿಸುತ್ತಿದ್ದೆ. ಕಡಿಮೆಯಾದ ದಿನ ನನಗೂ ಹಗುರವೆನಿಸುತ್ತಿದ್ದುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮೊದಲ ಭಾನುವಾರ ಬಿದ್ದದ್ದು ಐದು. ಎರಡನೆಯದು ಹನ್ನೆರಡು. ಮೂರನೆಯ ಭಾನುವಾರ ಟೀಚರು ಮತ್ತೊಮ್ಮೆ ಮಂತ್ರದ ಮಾತೆತ್ತಿದರು, ಮಗಳು ಬೇಡವೆಂದು ತಲೆಯಾಡಿಸಿದಳು. ಮಾವ ದಾಳವನ್ನೂ ಸೋಪು ಹಾಕಿ ತೊಳೆದು, ಒರೆಸಿ, ಎಸೆದರು. ಹದಿನಾಲ್ಕು.

ಗಡಿಯಾರದವನು ಕುರ್ಚಿ ಬೀಳಿಸಿಕೊಂಡು ಎದ್ದು ಕೂಗಿದ. ಟೀಚರು ಕಣ್ಣೊರೆಸಿಕೊಂಡರು. ಮಾವ ಮಾತ್ರ ಪಟ್ಟಿ ಬಿಚ್ಚಿ ಮಗಳ ಅಂಗೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು, "ಬೆರಳು ಮಡಿಸು ನೋಡೋಣ," ಎಂದರು. ಅವಳು ಮಡಿಸಿದಳು. "ಕಿರುಬೆರಳು?"

"ಪೂರ್ತಿ ಗುಣ ಅಂತ ಬರೆದಿದೆ ಮಾವ," ಎಂದು ನಾನು ಪುಸ್ತಕ ತೋರಿಸಿದೆ.

"ಅಷ್ಟು ಕೀವು ಕೂತ ಕೈ ಪೂರ್ತಿ ಹೇಗೆ ಗುಣ ಆಗತ್ತೆ? ಚಳಿಗೆ ಎಳೆಯತ್ತೆ. ಕಿರುಬೆರಳು ಅರ್ಧಕ್ಕೇ ನಿಲ್ಲತ್ತೆ. ಬಿಲ್ಲು ಹಿಡೀಬಹುದು, ಅಷ್ಟು ಸಾಕು. ಇದ್ದದ್ದನ್ನ ಇದ್ದ ಹಾಗೆ ಬರ್ಕೊಳ್ಳಿ."

ನಾನು ಬರೆದುಕೊಳ್ಳುವ ಮೊದಲೇ ಅವಳು ಬರೆದುಕೊಂಡಿದ್ದಳು. ಅವಳ ಪಾತ್ರದ ಹಾಳೆಯಲ್ಲಿ ಬಾಣಗಳ ಲೆಕ್ಕದ ಕೆಳಗೆ ಆ ಸಾಲು ಇವತ್ತಿಗೂ ಇದೆ: "ಎಡಗೈ. ಕಿರುಬೆರಳು ಅರ್ಧ ಮಡಿಯುತ್ತದೆ. ಅಪ್ಪ ನೋಡಿದ ಕೈ."

ಗಾಯವನ್ನು ಇಲ್ಲವೆನ್ನಿಸಿಬಿಡುವ ಶಕ್ತಿ ಲೋಕದಲ್ಲಿ ಕೆಲವರಿಗಿರುತ್ತದೆ. ಅಂಥವರ ಮುಂದೆ ನಾವು ಕೈ ಮುಗಿದು ನಿಲ್ಲುತ್ತೇವೆ, ಅದು ಸಹಜವೂ ಹೌದು. ಮಾವನ ಜಾತಿಯ ಜನಕ್ಕೆ ಆ ಶಕ್ತಿಯಿಲ್ಲ, ಇಲ್ಲವೆಂಬ ನಾಚಿಕೆಯೂ ಇಲ್ಲ. ತಮ್ಮ ತಪ್ಪಿನ ಪಾಲನ್ನೂ ಸೇರಿಸಿ ಗಾಯ ಎಷ್ಟಿದೆಯೋ ಅಷ್ಟನ್ನೂ ಒಪ್ಪಿಕೊಂಡು, ದಿನವೂ ಬಿಚ್ಚಿ ನೋಡಿ, ದಿನವೂ ತೊಳೆದು ಕಟ್ಟುವುದಷ್ಟೇ ಅವರಿಗೆ ಗೊತ್ತು. ಅವರ ಕೈಯಿಂದ ಎದ್ದು ಬಂದ ಮೈ ಮತ್ತೆ ಮೊದಲಿನಂತಾಗುವುದಿಲ್ಲ, ಎಲ್ಲೋ ಒಂದು ಬೆರಳು ಅರ್ಧಕ್ಕೆ ನಿಲ್ಲುತ್ತದೆ. ಆದರೆ ಚಳಿಯ ದಿನ ಆ ಬೆರಳು ಎಳೆದಾಗಲೆಲ್ಲ, ನೋಯುತ್ತಿದ್ದಷ್ಟು ದಿನವೂ ಯಾರೋ ಒಬ್ಬರು ಪಕ್ಕದಲ್ಲೇ ಕೂತಿದ್ದರು ಎಂಬುದು ಆ ಮೈಗೆ ನೆನಪಾಗುತ್ತದೆ.