ಬೆಡ್‌ಶೀಟಿನ ಇನ್ನೊಂದು ತುದಿ

ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಚುವುದು ಇಬ್ಬರ ಕೆಲಸ. ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ ಹಿಡಿದು ಕೊಡವಿ, ಹತ್ತಿರ ಬಂದು ತುದಿಗೆ ತುದಿ ಕೂಡಿಸಬೇಕು. ಆದರೆ ಸುಮಾರು ದಿನಗಳಿಂದ ಲಾಂಡ್ರಿಯವನ ಹೆಂಡತಿ ಒಬ್ಬಳೇ ಮಡಿಚುತ್ತಿದ್ದಳು. ಆ ತುದಿಯನ್ನು ಕಿಟಕಿಯ ಸರಳಿಗೆ ಕ್ಲಿಪ್ ಹಾಕಿ ಸಿಕ್ಕಿಸುವುದು, ಈ ತುದಿಯನ್ನು ಎಳೆಯುವುದು. ಗಂಡ ಪಕ್ಕದಲ್ಲೇ ಇಸ್ತ್ರಿ ಹಾಕುತ್ತಾ ನಿಂತಿದ್ದರೂ ಕರೆಯುತ್ತಿರಲಿಲ್ಲ. ಅವನಿಗಿಂತ ಕಿಟಕಿಯೇ ವಾಸಿ, ತಿರುಗಿ ಮಾತಾಡುವುದಿಲ್ಲ.

ಆಗಿದ್ದು ಇಷ್ಟೇ. ಅವಳ ಕೈಯಲ್ಲಿ ಗಿರಾಕಿಯ ಕೋಟು ಸುಟ್ಟುಹೋಗಿತ್ತು. ಅಂಗಡಿ ತುಂಬ ಇದ್ದ ಜನರ ಎದುರಿಗೇ ಗಂಡ, "ಇವಳನ್ನ ಕಟ್ಟಿಕೊಂಡಾಗಿನಿಂದ ಅಂಗಡಿ ಉದ್ಧಾರ ಆಗ್ಲಿಲ್ಲ" ಎಂದ. ಅವಳೂ ಬಿಡಲಿಲ್ಲ. "ನಿಮ್ಮ ಕೈಲಿ ಆಗಿರೋದೇನು ಮಹಾ?" ಎಂದಳು. ಜಗಳ ಅಂದೇ ಮುಗಿಯಿತು. ಮಾತೂ ಅಂದೇ ಮುಗಿಯಿತು.

ಈಗ ಏನಿದ್ದರೂ ಅತ್ತೆಯ ಮೂಲಕ.

"ಅಮ್ಮ, ಇಸ್ತ್ರಿ ಕಾದಿದೆ ಅಂತ ಹೇಳು."

"ಅತ್ತೆ, ಕೇಳಿಸ್ತು ಅಂತ ಹೇಳಿ."

ಇಬ್ಬರ ನಡುವೆ ಗುಂಡಿ ಹೊಲಿಯುತ್ತಾ ಕೂತ ಮುದುಕಿಗೆ ಸಾಕಾಗಿಹೋಗಿತ್ತು. "ನಾನೇನು ಟೆಲಿಫೋನಾ?" ಎಂದು ಗೊಣಗುತ್ತಿದ್ದಳು.

ತನ್ನ ಬಿಳಿ ಕೋಟು ಒಯ್ಯಲು ಬಂದ ಪಕ್ಕದ ಬೀದಿಯ ನರ್ಸಕ್ಕ ಕ್ಲಿಪ್ಪು ನೋಡಿದಳು. "ಇದೇನೇ, ಕಿಟಕಿ ಜೊತೆ ಸಂಸಾರ?"

ಹೆಂಡತಿಗೆ ನಗಲೂ ತ್ರಾಣವಿರಲಿಲ್ಲ. "ಭುಜ ನೋವು ಅಕ್ಕ. ನಿದ್ದೆ ಬರಲ್ಲ, ಊಟ ಸೇರಲ್ಲ. ಏನಾದ್ರೂ ಮಾತ್ರೆ ಕೊಡಿ."

"ಜಗಳ ಆಗಿತ್ತಲ್ಲ?"

"ಅದು ಮುಗೀತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ."

"ನೀನು ಉಂಡೂ ಇಲ್ಲ, ಮಲಗಿಯೂ ಇಲ್ಲ. ಇನ್ನೆಲ್ಲಿ ಮುಗೀತು?" ನರ್ಸಕ್ಕ ದನಿ ತಗ್ಗಿಸಿದಳು. "ಕೈ ಮಾಡಿದ್ನಾ? ಅವನ ಭಯ ಇದೆಯಾ?"

"ಇಲ್ಲ ಅಕ್ಕ. ಆ ಮಾತು ಮಾತ್ರ ಎದೇಲಿ ಕೂತಿದೆ."

"ಹಾಗಾದ್ರೆ ಅದನ್ನೇ ಹೇಳು, ಸಿಟ್ಟು ಇಳಿದಿರುವಾಗ. 'ನೀವು ಯಾವಾಗ್ಲೂ ಹೀಗೇ' ಅಂತ ಶುರು ಮಾಡಬೇಡ. 'ನನಗೆ ಹೀಗನ್ನಿಸ್ತು' ಅನ್ನು. ಆಮೇಲೆ ಅವನ ಮಾತೂ ಕೇಳು, ನಡುವೆ ಬಾಯಿ ಹಾಕಬೇಡ."

"ಅಷ್ಟಕ್ಕೆ ಆಡಿದ ಮಾತು ವಾಪಸ್ ಹೋಗುತ್ತಾ?"

"ಹೋಗಲ್ಲ. ಸುಟ್ಟ ಕೋಟೂ ಸರಿಹೋಗಲ್ಲ. ಆದ್ರೆ ನೀವಿಬ್ರೂ ಇಸ್ತ್ರಿ ಅದರ ಮೇಲೇ ಇಟ್ಟುಕೊಂಡು ಕೂತಿದೀರಲ್ಲ, ಮೊದಲು ಅದನ್ನ ಎತ್ತಿ."

ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಅವಳು ಕ್ಲಿಪ್ ತೆಗೆದು, ಬೆಡ್‌ಶೀಟಿನ ತುದಿಯನ್ನು ಗಂಡನ ಕಡೆ ಚಾಚಿದಳು. ಅವನು ಅಮ್ಮನ ಮುಖ ನೋಡಿದ. ಅಮ್ಮ ಸೂಜಿಗೆ ದಾರ ಪೋಣಿಸುವ ನೆವದಲ್ಲಿ ತಲೆ ಎತ್ತಲಿಲ್ಲ. ಅವನು ತುದಿ ಹಿಡಿದ.

"ಜನರ ಮುಂದೆ ಹಾಗಂದಾಗ, ಈ ಅಂಗಡೀಲಿ ನಾನು ಯಾರೂ ಅಲ್ಲ ಅನ್ನಿಸ್ತು," ಎಂದಳು.

ಅವನು ತನ್ನ ತುದಿಯನ್ನು ಕೊಡವಿದ. "ಗಿರಾಕಿ ಮುಂದೆ ನನಗೆ ನಾಚಿಕೆ ಆಯ್ತು. ಅದನ್ನ ನಿನ್ನ ಮೇಲೆ ಹಾಕಿದೆ. ತಪ್ಪು ನಂದೇ. ನೀನು ದಿನಾ ಆ ಕಿಟಕಿಗೆ ಕ್ಲಿಪ್ ಹಾಕೋದು ನೋಡ್ತಾ ನಿಲ್ಲೋಕೆ ಆಗಲ್ಲ ಕಣೇ. ನನಗೂ ನಿದ್ದೆ ಇಲ್ಲ."

"ನಾನೂ ಅನ್ನಬಾರದ್ದು ಅಂದೆ."

ಹತ್ತಿರ ಬಂದು ತುದಿಗೆ ತುದಿ ಕೂಡಿಸಿದರು. ನೋವು ಅಂದೇ ಮಾಯವಾಯಿತು ಎಂದರೆ ಸುಳ್ಳಾದೀತು. ಇಬ್ಬರೂ ದಣಿದಿದ್ದರು. ಆದರೂ ಮುಂದಿನ ಬೆಡ್‌ಶೀಟಿಗೆ ಅವನೇ ಕೈ ಚಾಚಿದ.

"ಸದ್ಯ, ನನ್ನ ಟೆಲಿಫೋನ್ ಕೆಲಸ ಹೋಯ್ತು," ಎಂದಳು ಅತ್ತೆ.

ನಿಮ್ಮ ಮನೆಯಲ್ಲೂ ಜಗಳ ಮುಗಿದು ಮೌನ ಉಳಿದಿದೆಯೇ? ಮನಸ್ಸಿನ ನೋವೂ ನೋವೇ. ನಿದ್ದೆ, ಊಟ ಕೆಟ್ಟಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿಕೊಳ್ಳಿ, ನಾಚಿಕೆ ಬೇಡ. ಹೊಡೆತವೋ ಭಯವೋ ಇದ್ದರೆ ರಾಜಿಗೆ ಕೂರಬೇಡಿ. ಮೊದಲು ನಂಬಿಕಸ್ಥರ ಬಳಿ ಹೋಗಿ ಸಹಾಯ ಕೇಳಿ. ಅಂಥದ್ದೇನೂ ಇಲ್ಲ, ಆಡಿದ ಮಾತಷ್ಟೇ ಚುಚ್ಚುತ್ತಿದೆ ಎಂದಾದರೆ ಇವತ್ತೇ ಒಂದು ತುದಿ ನೀವು ಹಿಡಿಯಿರಿ, ಇನ್ನೊಂದನ್ನು ಅವರ ಕಡೆ ಚಾಚಿ.