ಅತ್ತೆಯ ಹಸಿರು ವ್ಯಾಕ್ಯೂಮ್

ವೆರ್ಲಿನ್ ಹೆಂಡತಿಗೆ ಉಪಕಾರ ಮಾಡಲು ಹೋಗಿ ಕೈ ಸುಟ್ಟುಕೊಂಡ. ತಪ್ಪು ಅವನೊಬ್ಬನದೇ ಎನ್ನಲೂ ಬಾಯಿ ಬರುವುದಿಲ್ಲ. ಅಮೆರಿಕದ ಒಹಾಯೋ ರಾಜ್ಯದ ಆ ಊರಿನಲ್ಲಿ, ಅವನಂತೆ ಬ್ರೆನ್ನರ್ ಕಾರ್ಖಾನೆಯಲ್ಲಿ ದುಡಿದ ಯಾವ ಗಂಡಸಾದರೂ ಅದನ್ನೇ ಮಾಡಿ ಮೀಸೆ ತಿರುವುತ್ತಿದ್ದ.

ಆ ಕಾರ್ಖಾನೆಯಲ್ಲಿ ಆಗುತ್ತಿದ್ದದ್ದು ನೆಟ್ಟಗೆ ನಿಂತು ತಳ್ಳುವ ವ್ಯಾಕ್ಯೂಮ್ ಕ್ಲೀನರ್. ಎಲ್ಲಕ್ಕೂ ಅದೇ ಮೋಟಾರು, ಅದೇ ಉರುಳುವ ಬ್ರಷ್ಷು, ಅದೇ ಬೆಲ್ಟು. ಕೊನೆಗೆ ಕೆಲವಕ್ಕೆ ಬ್ರೆನ್ನರ್ ಹೆಸರಿನ ಕಂದು ಮುಚ್ಚಳ ಕೂರುತ್ತಿತ್ತು. ಉಳಿದವು ವೆಲ್ಡನ್ ಎಂಬ ದೊಡ್ಡ ಅಂಗಡಿಯ ಪಾಲು: ಅವಕ್ಕೆ ಹಸಿರು ಮುಚ್ಚಳ, ಮೂತಿಯಲ್ಲೊಂದು ದೀಪ, ಪಟ್ಟೆಪಟ್ಟೆಯ ಬಟ್ಟೆಚೀಲ, ಅಂಗಡಿಯದೇ ಹೆಸರು. ಕಾರ್ಖಾನೆಯವರ ಮನೆಯಲ್ಲಿ ಹಸಿರು ಕಂಡಿತೋ, ಮಾನ ಹೋಯಿತು ಎಂದೇ ಲೆಕ್ಕ. ಆದರೂ ವೆರ್ಲಿನ್‌ನ ಅತ್ತೆ ಹಲ್ಡಾ, ತನ್ನ ಗಂಡನೂ ಬ್ರೆನ್ನರ್ ಕೆಲಸಗಾರನೇ ಆಗಿದ್ದರೂ, ಸಾಯುವ ತನಕ ಹಸಿರನ್ನೇ ತಳ್ಳಿದಳು. ಆಮೇಲೆ ಅದು ಮಗಳು, ಅಂದರೆ ವೆರ್ಲಿನ್‌ನ ಹೆಂಡತಿ ಆರ್ಡಿತಳ ಕೈಗೆ ಬಂತು.

ವೆರ್ಲಿನ್ ವಯಸ್ಸಾಗಿ ನಿವೃತ್ತನಾದ, ಆಮೇಲೆ ಕಾರ್ಖಾನೆಯೂ ಮುಚ್ಚಿತು, ಹಳೆಯ ಯಂತ್ರಗಳನ್ನು ರಿಪೇರಿ ಮಾಡುವುದರಲ್ಲೇ ಅವನ ಹೊತ್ತು ಹೋಗುತ್ತಿತ್ತು. ಆರ್ಡಿತ್ ತಂಗಿಯ ಮನೆಗೆ ಹೋಗಿದ್ದಾಗ ಅವನು ಅತ್ತೆಯ ಯಂತ್ರದ ಹಸಿರು ಮುಚ್ಚಳವನ್ನೂ ಚೀಲವನ್ನೂ ಬಿಚ್ಚಿದ. ತಾನು ಜೋಪಾನ ಮಾಡಿದ್ದ ಬ್ರೆನ್ನರ್‌ನ ಕಂದು ಮುಚ್ಚಳ, ಚೀಲ ಹಾಕಿ, ಉಜ್ಜಿ ಹೊಳಪಿಸಿ ಹಜಾರದಲ್ಲಿ ನಿಲ್ಲಿಸಿದ. ಬಿಚ್ಚಿದ್ದನ್ನು ಗೆಳೆಯ ಮೈರನ್‌ಗೆ ಕೊಟ್ಟುಬಿಟ್ಟ. ಅಂಗಡಿ ಹೆಸರಿನ ಹಳೆಯ ವ್ಯಾಕ್ಯೂಮ್‌ಗಳನ್ನು ಕೂಡಿಡುವ ಹುಚ್ಚು ಮೈರನ್‌ನದು.

ಆರ್ಡಿತ್ ಬಂದವಳು ಕೋಟು ಕೂಡ ಬಿಚ್ಚಲಿಲ್ಲ.

“ಅಮ್ಮಂದೆಲ್ಲಿ?”

“ಇದೇ ಕಣೆ. ಒಳಗೆಲ್ಲಾ ಮೊದಲಿಂದ್ಲೂ ನಮ್ದೇ. ಮೇಲೆ ಸುಳ್ಳು ಹೆಸರಿತ್ತು, ತೆಗ್ದೆ.”

“ಯಾರನ್ನ ಕೇಳಿ ತೆಗ್ದೆ?”

ಹೊಗಳಿಕೆಗೆ ಕಾದು ನಿಂತಿದ್ದ ವೆರ್ಲಿನ್ ಪೆಚ್ಚಾದ.

“ಈ ಊರಲ್ಲಿ ಮನೆಮನೆಗೆ ಬ್ರೆನ್ನರ್ ಬಂದಿದ್ದೆಲ್ಲಾ ಗಂಡನ ಹೆಸರಲ್ಲಿ, ಕಾರ್ಖಾನೆ ರಿಯಾಯ್ತೀಲಿ,” ಎಂದಳು ಆರ್ಡಿತ್. “ಅಮ್ಮ ಶಾಲೆ ಅಡುಗೆಮನೇಲಿ ದುಡಿದು, ಬಸ್ ಹತ್ತಿ ಆಕ್ರನ್ ಪೇಟೆಗೆ ಹೋಗಿ, ಪೂರ್ತಿ ಬೆಲೆ ಕೊಟ್ಟು ಆ ಹಸಿರನ್ನ ತಂದ್ಲು. ಒಳಗೇನಿದೆ ಅಂತ ಅವಳಿಗೆ ಗೊತ್ತಿರ್ಲಿಲ್ವಾ? ಮೋಟಾರು ಕೂರಿಸ್ತಿದ್ದೋನೇ ಅಪ್ಪ. ಆ ಮನೇಲಿ ಅವಳದು ಅಂತ ಇದ್ದದ್ದು ಅದೊಂದೇ ಕಣೋ. ಅದನ್ನೂ ನಿಮ್ಮ ಗಂಡಸರದ್ದು ಮಾಡಿಟ್ಟೆ.”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕಸಪೊರಕೆ ತಂದು ಕಾರ್ಪೆಟ್ಟನ್ನು ಗುಡಿಸತೊಡಗಿದಳು. ವೆರ್ಲಿನ್‌ಗೆ ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ. ನೇರ ಮೈರನ್‌ನ ಶೆಡ್ಡಿಗೆ ಹೋದ.

ಮೈರನ್ ಹಸಿರು ಮುಚ್ಚಳವನ್ನು ಆಗಲೇ ತನ್ನದೊಂದು ಯಂತ್ರಕ್ಕೆ ಕೂರಿಸಿದ್ದ.

“ಏನಪ್ಪಾ ದೊಡ್ಮನುಷ್ಯ, ಅಂಗಡಿ ಮಾಲು ಮೂಸಿಯೂ ನೋಡಲ್ಲ ಅಂತಿದ್ದೆ?”

“ಆರ್ಡಿತ್‌ಗೆ ಬೇಕು. ಕೊಡೋ ಮಾರಾಯ.”

“ಕೊಟ್ಟಿದ್ದು ಕೊಟ್ಟಿದ್ದೇ. ನಮ್ಮ ಹಳೇ ವ್ಯಾಕ್ಯೂಮ್ ಕ್ಲಬ್ಬಿನ ಪ್ರದರ್ಶನಕ್ಕೆ ಇದನ್ನೇ ಇಡೋದು ಅಂತಿದೀನಿ. ಬೇಕಿದ್ರೆ ನಿನ್ನ ಬೆಳ್ಳಿ ಬ್ರೆನ್ನರ್ ಕೊಡು, ನೋಡಣ.”

ಅದು ನಿವೃತ್ತಿಯ ದಿನ ಕಂಪನಿ ಕೊಟ್ಟ ಬೆಳ್ಳಿ ಬಣ್ಣದ ಯಂತ್ರ. ಹಿಡಿಯ ಮೇಲೆ ವೆರ್ಲಿನ್‌ನ ಹೆಸರನ್ನೇ ಕೆತ್ತಿದ್ದರು. ಮೈರನ್ ಹೇಳಿದ್ದು ತಮಾಷೆಗೆ. ವೆರ್ಲಿನ್ ಮನೆಗೆ ಹೋಗಿ ಅದನ್ನು ಕಾರಿನಲ್ಲಿ ಹಾಕಿಕೊಂಡು ಬಂದ.

“ತಲೆಗಿಲೆ ಕೆಟ್ಟಿದೆಯೇನೋ?” ಎಂದ ಮೈರನ್.

“ಬೇಗ ಬಿಚ್ಚು.”

ಹಸಿರು ಮುಚ್ಚಳ, ಪಟ್ಟೆ ಚೀಲ ಹಿಡಿದು ವೆರ್ಲಿನ್ ಮನೆಗೆ ಬಂದಾಗ ಆರ್ಡಿತ್ ಇನ್ನೂ ಗುಡಿಸುತ್ತಿದ್ದಳು. ಅವನು ಯಂತ್ರವನ್ನು ಮಲಗಿಸಿ, ಮಂಡಿಯೂರಿ, ಸ್ಕ್ರೂಡ್ರೈವರ್ ಹಿಡಿದ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಬಂದು ಕೈ ಚಾಚಿದಳು.

“ಇಲ್ಲಿ ಕೊಡು.”

“ನಿಂಗೆ ಬರಲ್ಲ, ಆ ದೀಪದ ವೈರು…”

“ಬರದಿದ್ರೆ ಕೇಳ್ತೀನಿ.”

ಅವಳು ಕಂದನ್ನು ಬಿಚ್ಚಿ ಬದಿಗಿಟ್ಟಳು. ಮುಚ್ಚಳ ಒಮ್ಮೆ ಸೊಟ್ಟಗೆ ಕೂತಿತು, ಸ್ಕ್ರೂ ಒಂದು ಸೋಫಾದ ಕೆಳಗೆ ಉರುಳಿತು. ವೆರ್ಲಿನ್‌ನ ಕೈ ತುರಿಸುತ್ತಿತ್ತು, ಆದರೂ ಸೋಫಾದ ಮೇಲೆ ಕೈ ಕಟ್ಟಿಕೊಂಡು ಕೂತ. ಅವಳು ಏನನ್ನೂ ಕೇಳಲಿಲ್ಲ. ಕೊನೆಗೆ ಪ್ಲಗ್ ಹಾಕಿ ಸ್ವಿಚ್ ಒತ್ತಿದಳು. ದೀಪ ಹತ್ತಿತು, ಚೀಲ ಉಬ್ಬಿತು.

“ಒಂದ್ಸಲ ನಾನು ತಳ್ಳಲಾ?” ಎಂದು ಕೇಳಿದ ವೆರ್ಲಿನ್. ಆ ಯಂತ್ರವನ್ನು ಮುಟ್ಟಲು ಅವನು ಯಾರನ್ನಾದರೂ ಕೇಳಿದ್ದು ಅದೇ ಮೊದಲು.

“ಇವತ್ತು ಬೇಡ,” ಎಂದಳು ಆರ್ಡಿತ್. “ಕಾಲು ಎತ್ಕೋ.”

ಅವನು ಕಾಲು ಎತ್ತಿಕೊಂಡ.